ಅಪ್‌ಡೇಟ್: ಡೆಬಿಯನ್ ಹಾಕಿದ ಲ್ಯಾಪ್‌ಟಾಪಿನಲ್ಲಿ ವೈಫೈ ಕೊನೆಗೂ ಬಂತು

ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ 12 (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಹಾಕಿದ ಮೇಲೆ ವೈಫೈ ಹೆಸರುಗಳೇ ಕಾಣಿಸುತ್ತಿಲ್ಲವೆಂದು ಕಳೆದ ವಾರ ಕೇಳಿದ್ದೆ. ಈಗ ಶಿರಸಿಯ ಮನೆಯ ಜಗುಲಿಯಲ್ಲಿ ಕುಳಿತು ಅದೇ ಲ್ಯಾಪ್‌ಟಾಪಿನ ವೈಫೈಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ವ್ಯವಸ್ಥೆಯ ತಿರುಳಾದ ಕರ್ನಲ್ ಬದಲಾಯಿಸಿದ್ದರಿಂದ ಪ್ರಯೋಜನವಾಗಲಿಲ್ಲ. ವೈಫೈ ಚಿಪ್ಪನ್ನು ನಡೆಸುವ ‘ಬಿ43’ ಎಂಬ ಡ್ರೈವರ್ ತಂತ್ರಾಂಶದೊಂದಿಗೆ ಎರಡು ಸಂಜೆ ಗುದ್ದಾಡಿದ ಮೇಲೆ, ಅದು ನನ್ನ ಚಿಪ್ಪಿಗೆ ಹೊಂದುವುದೇ ಇಲ್ಲವೆಂದು ತಿಳಿಯಿತು. ಕೆಲಸಕ್ಕೆ ಬಂದದ್ದು ‘ಲ್ಯಾಪ್‌ಟಾಪಿನ ಮಾದರಿ ಬಿಡಿ, ಚಿಪ್ಪಿನ ಸಂಖ್ಯೆ ನೋಡಿ’ ಎಂದವರ ಸಲಹೆ. ಟರ್ಮಿನಲ್‌ನಲ್ಲಿ ಯಂತ್ರದೊಳಗಿನ ಭಾಗಗಳನ್ನು ಪಟ್ಟಿಮಾಡುವ ಎಲ್‌ಎಸ್‌ಪಿಸಿಐ ಆದೇಶವನ್ನು ‘-ಎನ್‌ಎನ್’ ಸೇರಿಸಿ ಕೊಟ್ಟಾಗ 14ಇ4:4365, ಅಂದರೆ ಬ್ರಾಡ್‌ಕಾಮ್ ಬಿಸಿಎಂ43142 ಎಂದು ಬಂತು. ಅದಕ್ಕೆ ಬೇಕಾದದ್ದು ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್ ಎಂಬ ಡ್ರೈವರ್ ಪ್ಯಾಕೇಜು ಮತ್ತು ಚಾಲ್ತಿಯಲ್ಲಿರುವ ಕರ್ನಲ್‌ನದೇ ಹೆಡರ್‌ಗಳು (ಡ್ರೈವರನ್ನು ಆ ಕರ್ನಲ್‌ಗೆ ಕಟ್ಟಲು ಬೇಕಾದ ಕಡತಗಳು). ಇವನ್ನು ಇಳಿಸಿಕೊಳ್ಳಲು ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಮಾಡಿದೆ, ಅಂದರೆ ಫೋನಿನ ಇಂಟರ್‌ನೆಟ್ಟನ್ನೇ ಲ್ಯಾಪ್‌ಟಾಪಿಗೆ ಕೊಟ್ಟೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ತೋಟದ ಕಡೆಯ ಕಿಟಕಿಯಲ್ಲಿ ಮಾತ್ರವಾದ್ದರಿಂದ ಫೋನು ಸರಳಿಗೆ ಆತುಕೊಂಡು, ಲ್ಯಾಪ್‌ಟಾಪು ಅಡಿಕೆ ಚೀಲದ ಮೇಲೆ ಕುಳಿತು, ಅಂತೂ ಇಳಿದವು.

ನನಗೆ ಅಚ್ಚರಿಯಾದ ಸಂಗತಿಯೆಂದರೆ, ಡೆಬಿಯನ್ 12ರ ಅಧಿಕೃತ ಅನುಸ್ಥಾಪನಾ ಇಮೇಜಿನಲ್ಲಿ ‘ನಾನ್-ಫ್ರೀ-ಫರ್ಮ್‌ವೇರ್’ (ಯಂತ್ರಾಂಶಕ್ಕೆ ಬೇಕಾದ, ಮುಕ್ತವಲ್ಲದ ತಂತ್ರಾಂಶಗಳ ವಿಭಾಗ) ಮೊದಲೇ ಸೇರಿದ್ದರೂ ಈ ಡ್ರೈವರ್ ಇರುವುದು ‘ನಾನ್-ಫ್ರೀ’ ಎಂಬ ಬೇರೆಯೇ ವಿಭಾಗದಲ್ಲಿ. ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಗೆ ‘ನಾನ್-ಫ್ರೀ’ ಪದವನ್ನು ಸೇರಿಸುವವರೆಗೂ ಪ್ಯಾಕೇಜು ಸಿಗಲೇ ಇಲ್ಲ. ಅಷ್ಟಾದರೂ ಆ ಪ್ಯಾಕೇಜಿನ ಡ್ರೈವರ್ ಆದ ‘ಡಬ್ಲ್ಯೂಎಲ್’ ಮಾಡ್ಯೂಲ್ ಲೋಡ್ ಆಗಲಿಲ್ಲ, ಏಕೆಂದರೆ ನಂಬಿದ ಸಹಿಯಿಲ್ಲದ ಡ್ರೈವರ್‌ಗಳನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇತ್ತು. ಅದನ್ನು ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ಗಳಲ್ಲಿ) ಆರಿಸಿದ ಮೇಲೆಯೇ ವೈಫೈ ಹೆಸರುಗಳು ಕಾಣಿಸಿದವು. ಆರಿಸಲು ಇಷ್ಟವಿಲ್ಲದವರು ಮೋಕ್‌ಯುಟಿಲ್ ಎಂಬ ಆದೇಶದಿಂದ ಡ್ರೈವರ್‌ನ ಸಹಿಯ ಕೀಲಿಯನ್ನು ನೋಂದಾಯಿಸಬಹುದು.

ಈ ಚಿಪ್ಪು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ರೌಟರಿನ 5 ಗಿಗಾಹರ್ಟ್ಸ್ ಹೆಸರು ಕಾಣದಿದ್ದರೆ ಮತ್ತೆ ಡ್ರೈವರ್ ಹುಡುಕಲು ಹೊರಡಬೇಡಿ.