ಹೃದಯ ಸ್ನಾಯು ಕೋಶಗಳ ಮಿಡಿತ: ಸಂಶೋಧಕಿಯನ್ನು ಕೇಳಿ

ಪಿಎಚ್‌ಡಿ ವಿದ್ಯಾರ್ಥಿ: ಮೇಡಂ, ಐಪಿಎಸ್ ಸ್ಟೆಮ್ ಸೆಲ್‌ಗಳಿಂದ (ಚರ್ಮದಂಥ ಸಾಮಾನ್ಯ ಕೋಶವನ್ನು ಮರಳಿ ಸ್ಟೆಮ್ ಸೆಲ್ ಆಗಿಸಿದವು) ಹೃದಯ ಸ್ನಾಯು ಕೋಶ ಬೆಳೆಸಿದ್ದೇನೆ. ಇವತ್ತಿಗೆ 30ನೇ ದಿನ. ಕ್ಯಾಲ್ಸಿಯಂ ಏರಿದಾಗ ಬೆಳಗುವ ಡೈ ಹಾಕಿದರೆ ಚೆನ್ನಾಗಿ ಮಿನುಗುತ್ತವೆ, ಆದರೆ ಕುಗ್ಗುವುದು ಕಾಣುತ್ತಲೇ ಇಲ್ಲ. ಎಲ್ಲಿ ತಪ್ಪಿದ್ದೇನೆ?

ಸಂಶೋಧಕಿ: ಡೈ ಹಾಕುವ ಮೊದಲು ವಿಡಿಯೊ ತೆಗೆದಿದ್ದೀರಾ?

ಪಿಎಚ್‌ಡಿ ವಿದ್ಯಾರ್ಥಿ: ಇಲ್ಲ ಮೇಡಂ.

ಬಿಎಸ್ಸಿ ವಿದ್ಯಾರ್ಥಿನಿ: ಕೋಶಗಳು ಮಿಡಿಯೋದು ಯಾವಾಗ ಶುರುವಾಗುತ್ತೆ ಮೇಡಂ?

ಸಂಶೋಧಕಿ: ಸಾಮಾನ್ಯವಾಗಿ 8ರಿಂದ 12ನೇ ದಿನದೊಳಗೆ.

ಪಿಎಚ್‌ಡಿಯವರೇ, ನಿಮ್ಮ ಪ್ರಶ್ನೆ ನನ್ನ ತಲೆಯಲ್ಲೇ ಕೂತಿದೆ. ಮಿನುಗು ಇದೆ ಅಂದರೆ ಕ್ಯಾಲ್ಸಿಯಂ ಏರುತ್ತಿದೆ. ಅದು ಟ್ರೊಪೊನಿನ್ ಎಂಬ ಪ್ರೋಟೀನ್‌ಗೆ ಅಂಟಬೇಕು, ಆಗ ಮಯೋಸಿನ್ ಎಂಬ ಪ್ರೋಟೀನ್ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯನ್ನು ಎಳೆದು ಕೋಶ ಕುಗ್ಗುತ್ತದೆ. ತೊಡಕು ಇಲ್ಲೇ ಎಲ್ಲೋ ಇದೆ. ನನ್ನ ಮೊದಲ ಅನುಮಾನ ಡೈ ಮೇಲೆ. ಅದು ಬೆಳಗುವುದೇ ಕ್ಯಾಲ್ಸಿಯಂ ಹಿಡಿದುಕೊಂಡು. ಜಾಸ್ತಿ ಹಾಕಿದರೆ ಟ್ರೊಪೊನಿನ್ ಪಾಲನ್ನೂ ಅದೇ ಹಿಡಿದಿಡುತ್ತದೆ. ಇನ್ನೊಂದು, ಚಿತ್ರ ಅಲುಗಬಾರದು ಅಂತ ಯಾರಾದರೂ ಮೀಡಿಯಂಗೆ (ಕೋಶ ಬೆಳೆಯುವ ದ್ರವಕ್ಕೆ) ಬ್ಲೆಬಿಸ್ಟಾಟಿನ್ ಎಂಬ ರಾಸಾಯನಿಕ ಸೇರಿಸಿಲ್ಲ ತಾನೆ? ಅದು ಮಯೋಸಿನ್ ಅನ್ನು ತಡೆಯುತ್ತದೆ, ಮಿನುಗು ಹಾಗೇ ಇರುತ್ತದೆ. ಎರಡೂ ಅಲ್ಲದಿದ್ದರೆ ಸ್ನಾಯುವಿನ ಪಟ್ಟೆಗಳಲ್ಲಿರುವ ಆಲ್ಫಾ ಆಕ್ಟಿನಿನ್ ಪ್ರೋಟೀನ್‌ಗೆ ಬಣ್ಣ ಹಿಡಿಸಿ (ಸ್ಟೇನ್ ಮಾಡಿ), ಪಟ್ಟೆಗಳು ಸಾಲಾಗಿ ಕೂತಿವೆಯಾ ನೋಡಿ. ಈ ಕೋಶಗಳು ಇನ್ನೂ ಭ್ರೂಣದ ಹೃದಯದ ಹಂತದಲ್ಲೇ ಇರುತ್ತವೆ. ಗಟ್ಟಿ ಪ್ಲಾಸ್ಟಿಕ್ ತಟ್ಟೆಯ ಮೇಲೆ ಎಳೆದರೂ ಅಲುಗಾಟ ಕಾಣದೇ ಇರಬಹುದು. ಸುಮಾರು 10 ಕಿಲೋಪಾಸ್ಕಲ್ ಗಡಸುತನದ ಮೆದು ಜೆಲ್ ಮೇಲೆ ಹಾಕಿ ನೋಡಿ.

ಎಂಜಿನಿಯರ್: ಒಂಟಿ ಕೋಶದ ಎಳೆತ ಅಳೆಯಲು ಜೆಲ್‌ನಲ್ಲಿ ಹುದುಗಿಸುವ ಗುರುತಿನ ಮಣಿ ಎಷ್ಟು ದೊಡ್ಡದು ಬೇಕು?

ಸದಸ್ಯ 1: ಇದೆಲ್ಲ ಭ್ರೂಣ ನಾಶ ಮಾಡಿ ನಡೆಸುವ ಕೆಲಸ ಅಲ್ವಾ?

ಸದಸ್ಯ 2: ಅಲ್ಲ. ಅವರು ಹೇಳಿದ್ದು ಐಪಿಎಸ್. ಜಪಾನಿನ ವಿಜ್ಞಾನಿ ಯಮನಾಕಾ ಅದನ್ನು 2006ರಲ್ಲಿ ಇಲಿಯ ಕೋಶದಿಂದ ಮಾಡಿದರು, 2007ರಲ್ಲಿ ಮನುಷ್ಯರ ಚರ್ಮದ ಕೋಶದಿಂದ. ಭ್ರೂಣ ಬೇಕಿಲ್ಲ.

ಸದಸ್ಯ 1: ಭ್ರೂಣದ ಕೋಶ ಬಳಸುವ ಲ್ಯಾಬ್‌ಗಳೂ ಇವೆ. ಸುಳ್ಳಾ?

ಸದಸ್ಯ 2: ಇವೆ. ಇಲ್ಲಿ ಮಾತು ಅದರದ್ದಲ್ಲ. ಓದಿ ಬರೆಯಿರಿ.

ಸದಸ್ಯ 1: ನನಗೆ ಪಾಠ ಹೇಳಲು ನೀವ್ಯಾರು?

ಸದಸ್ಯ 3: ಫಾರ್ವರ್ಡ್ ಬಂದಿದೆ: ಈ ಬೇರಿನ ಪುಡಿ ತಿಂದರೆ ಮೈಯಲ್ಲಿ ಸ್ಟೆಮ್ ಸೆಲ್ ಹೆಚ್ಚಿ 40 ದಿನಕ್ಕೆ ಹೊಸ ಹೃದಯ. ಅಪ್ಪನಿಗೆ ಹಾರ್ಟ್ ಫೇಲ್ಯೂರ್. ಮಾತ್ರೆ ನಿಲ್ಲಿಸಿ ಇದನ್ನು ಕೊಡಬಹುದಾ?

ಸಂಶೋಧಕಿ: ಬೇಡ! ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. 25ರ ವಯಸ್ಸಿನಲ್ಲೂ ಹೃದಯ ಸ್ನಾಯು ಕೋಶಗಳಲ್ಲಿ ವರ್ಷಕ್ಕೆ ಹೊಸದಾಗುವುದು ಸುಮಾರು ಶೇ 1 ಮಾತ್ರ. ವಯಸ್ಸಾದಂತೆ ಇನ್ನೂ ಕಡಿಮೆ. 40 ದಿನದಲ್ಲಿ ಹೊಸ ಹೃದಯ ಅನ್ನುವುದು ಶುದ್ಧ ಸುಳ್ಳು. ಇವತ್ತೇ ಅಪ್ಪನ ಡಾಕ್ಟರ ಹತ್ತಿರ ಮಾತಾಡಿ. ಆ ಮೆಸೇಜ್ ಅಳಿಸಿ, ಯಾರಿಗೂ ಕಳಿಸಬೇಡಿ.

ಸದಸ್ಯ 4: ಮಿಡಿತ ಎಷ್ಟನೇ ದಿನ ಶುರು?

ಸಂಶೋಧಕಿ: ಮೇಲೆ ಬರೆದಿದ್ದೇನೆ. ಓದಿ.

ಸದಸ್ಯ 1: ನನ್ನ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.

ಸದಸ್ಯ 2: ಕೊಟ್ಟಾಯ್ತಲ್ಲ!

ಸಂಶೋಧಕಿ: ಜಗಳ ಬೇರೆ ಕಡೆ ಮಾಡಿ, ಇಬ್ಬರೂ.

ಎಂಜಿನಿಯರ್: ಮಣಿ ಎಷ್ಟು ದೊಡ್ಡದು, ಮೇಡಂ?

ಪಿಎಚ್‌ಡಿ ವಿದ್ಯಾರ್ಥಿ: ಬ್ಲೆಬಿಸ್ಟಾಟಿನ್ ಇಲ್ಲ ಮೇಡಂ. ಡೈ ಇಲ್ಲದ ತಟ್ಟೆ ಈಗ ನೋಡಿದೆ. ಮಿಡಿಯುತ್ತಿವೆ!

ಸಂಶೋಧಕಿ: ಸದ್ಯ! ಡೈ ಅರ್ಧಕ್ಕೆ ಇಳಿಸಿ ಮತ್ತೆ ನೋಡಿ. ವಿಡಿಯೊ ಕಳಿಸಿ, ನಾನೂ ನೋಡಬೇಕು.