ನುಡಿ–ಬರಹ ಹಳೇ ಕಡತದ ಪರಿವರ್ತಕ: ಮುಂದುವರಿಸಲಾ, ನಿಲ್ಲಿಸಲಾ?

ಕೊಂಬು_ದೀರ್ಘ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಬ್ಬನೇ ಯೋಚಿಸಿ ಸಾಕಾಗಿದೆ, ನಿಮ್ಮ ಮಾತು ಬೇಕು.

2013ರಲ್ಲಿ ಒಂದು ಚಿಕ್ಕ ತಂತ್ರಾಂಶ ಬರೆದೆ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟು) ಟೈಪ್ ಮಾಡಿದ್ದನ್ನು, ಮೊಬೈಲಿನಲ್ಲೂ ಓದಲಾಗುವ ಯೂನಿಕೋಡಿಗೆ ಬದಲಾಯಿಸುವುದು, ಅಷ್ಟೇ ಅದರ ಕೆಲಸ. ಅಪ್ಪ ಊರಿನ ಸಂಘಕ್ಕಾಗಿ ಬರೆದ ಲೇಖನಗಳೆಲ್ಲ ಆ ಫಾಂಟಿನಲ್ಲಿದ್ದವು. ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಓದಬೇಕು ಅಂತಲೇ ಶುರುಮಾಡಿದ್ದು.

ನೋಡುವುದಕ್ಕೆ ಸುಲಭ ಅನ್ನಿಸುತ್ತದೆ. ಆದರೆ ಆ ಫಾಂಟುಗಳಲ್ಲಿ ಇರುವುದು ಅಕ್ಷರಗಳಲ್ಲ, ಅಕ್ಷರದ ತುಂಡುಗಳು. 'ವ'ಕ್ಕೆ ಒಂದು ಬಗೆಯ ಕೊಂಬು ಸೇರಿಸಿದರೆ 'ಮ', ಇನ್ನೊಂದು ಬಗೆಯ ಕೊಂಬು ಸೇರಿಸಿದರೆ 'ವು'. 'ಸೂರ್ಯ' ಅಂತ ಬರೆದರೆ ಕಡತದಲ್ಲಿ ಅರ್ಕಾವತ್ತು 'ಯ' ಆದಮೇಲೆ ಕೂತಿರುತ್ತದೆ, ಯೂನಿಕೋಡಿನಲ್ಲಿ 'ರ' ಮೊದಲು ಬರಬೇಕು. 'ರ‍್ಯಾಂಕ್' ಬಂದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು, ಇಲ್ಲದಿದ್ದರೆ ಅಲ್ಲೂ ಅರ್ಕಾವತ್ತು ಬಂದುಬಿಡುತ್ತದೆ. ಇವನ್ನೆಲ್ಲ ಒಂದೊಂದಾಗಿ ಹಿಡಿದು ಸರಿಮಾಡಲು ವರ್ಷಗಳೇ ಹಿಡಿದವು.

ಈಗ ನನಗೆ ಮೂರು ವರ್ಷದ ಮಗಳಿದ್ದಾಳೆ, ಕೆಲಸದಲ್ಲಿ ಜವಾಬ್ದಾರಿ ಜಾಸ್ತಿಯಾಗಿದೆ. ವಾರಕ್ಕೆ ಎರಡು ಗಂಟೆ ಸಿಕ್ಕರೆ ಪುಣ್ಯ. ಬಳಸುವವರು ಹಾಕಿದ ದೂರುಗಳು, ಅಂದರೆ ಇಷ್ಯೂಗಳು, 61 ಹಾಗೇ ಬಿದ್ದಿವೆ. ಅದರಲ್ಲಿ ಮುಕ್ಕಾಲು ಪಾಲಿಗೂ ಕನ್ನಡಕ್ಕೂ ಸಂಬಂಧವೇ ಇಲ್ಲ. ವಿಂಡೋಸ್‌ನಲ್ಲಿ ಆಂಟಿವೈರಸ್ ಇದನ್ನು ವೈರಸ್ ಅನ್ನುತ್ತದೆ, ಕಿಟಕಿ ಚಿಕ್ಕದಾಗಿ ಕಾಣುತ್ತದೆ, ಇನ್‌ಸ್ಟಾಲ್ ಆಗುತ್ತಿಲ್ಲ, ಇಂಥವೇ. ಹೊಸ ಇಷ್ಯೂ ಬಂತು ಅಂತ ಮೇಲ್ ಬಂದರೆ ಎದೆ ಹಿಡಿದಂತಾಗುತ್ತದೆ, ತೆರೆಯುವುದೇ ಇಲ್ಲ.

ಕಳೆದ ವಾರ ಗುರುತಿಲ್ಲದ ಒಬ್ಬರು ಮೇಲ್ ಹಾಕಿದ್ದಾರೆ. ನೀವು ಬಿಡಿ, ನಾನು ನೋಡಿಕೊಳ್ಳುತ್ತೇನೆ, ರೆಪೊ (ಕೋಡ್ ಇಟ್ಟಿರುವ ಜಾಗ) ಮತ್ತು ಪೈಪಿಐ (ಜನ ಇಳಿಸಿಕೊಳ್ಳುವ ಪೈಥಾನ್ ತಂತ್ರಾಂಶಗಳ ಭಂಡಾರ) ಎರಡರ ಹಕ್ಕೂ ಕೊಡಿ ಅಂತ. ಕೊಟ್ಟುಬಿಡೋಣ ಅನ್ನಿಸಿದೆ. ಇಲ್ಲವೇ ಪೂರ್ತಿ ಮುಚ್ಚಿಬಿಡಲಾ?

ಬೀಗದಕೈ:

ದಯವಿಟ್ಟು ಹಾಗೆ ಕೊಡಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

2018ರಲ್ಲಿ ಇವೆಂಟ್-ಸ್ಟ್ರೀಮ್ ಅನ್ನೋ ಎನ್‌ಪಿಎಂ (ಜಾವಾಸ್ಕ್ರಿಪ್ಟಿಗೆ ಪೈಪಿಐ ಇದ್ದ ಹಾಗೆ) ಪ್ಯಾಕೇಜಿನಲ್ಲಿ ಆಗಿದ್ದು ಇದೇ. ಬರೆದವರಿಗೆ ಆಸಕ್ತಿ ಉಳಿದಿರಲಿಲ್ಲ, ಯಾರೋ ಮೇಲ್ ಮಾಡಿ ನೋಡಿಕೊಳ್ಳುತ್ತೇನೆ ಅಂದರು, ಒಳ್ಳೆ ಮನಸ್ಸಿನಿಂದಲೇ ಕೊಟ್ಟರು. ಹೊಸಬ ಅದರೊಳಗೆ ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿಸಿದ. 2024ರ ಎಕ್ಸ್‌ಝಡ್ (ಲಿನಕ್ಸ್‌ನಲ್ಲಿ ಕಡತ ಕುಗ್ಗಿಸುವ ತಂತ್ರಾಂಶ) ಕತೆ ಇನ್ನೂ ಹೆದರಿಕೆ ಹುಟ್ಟಿಸುವಂಥದ್ದು. ಅಲ್ಲಿ ಬಂದವನು ಎರಡು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೆಯ ಪ್ಯಾಚುಗಳನ್ನೇ, ಅಂದರೆ ಕೋಡಿನ ತಿದ್ದುಪಡಿಗಳನ್ನೇ, ಕಳಿಸಿದ. ಅದನ್ನು ನೋಡಿಕೊಳ್ಳುತ್ತಿದ್ದ ಹಳೇ ಮೇಂಟೇನರ್ ದಣಿದಿದ್ದರು, ಮನಸ್ಸಿನ ಆರೋಗ್ಯ ಸರಿಯಿಲ್ಲ ಅಂತ ಅವರೇ ಬರೆದಿದ್ದರು. ಆ ಹೊತ್ತಿಗೆ ಸರಿಯಾಗಿ ಬೇರೆ ಬೇರೆ ಹೆಸರಿನವರು ಬಂದು, ಕೆಲಸ ನಿಧಾನ ಆಯ್ತು, ಬೇರೆಯವರಿಗೆ ಬಿಟ್ಟುಕೊಡಿ ಅಂತ ಒತ್ತಡ ಹಾಕಿದರು. ಕೊನೆಗೆ ಹಕ್ಕು ಸಿಕ್ಕಿದ ಮೇಲೆ ಬೇರೆಯವರ ಕಂಪ್ಯೂಟರಿಗೆ ಗುಟ್ಟಾಗಿ ನುಗ್ಗುವ ಹಿಂಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನೊಳಗೆ ಹೋಗುವ ದಾರಿ) ಲಾಗಿನ್ ಯಾಕೆ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅಂತ ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿಬಿತ್ತು.

ನಿಮಗೆ ಮೇಲ್ ಹಾಕಿದವರು ಕಳ್ಳರು ಅಂತ ನಾನು ಹೇಳುತ್ತಿಲ್ಲ. ಬಹುಶಃ ಒಳ್ಳೆಯವರೇ. ಆದರೆ ನಿಮ್ಮದು ಮುಕ್ತ ಲೈಸೆನ್ಸ್ ಅಲ್ವಾ? ಕೋಡ್ ಬೇಕಿದ್ದರೆ ಅವರು ಇವತ್ತೇ ಫೋರ್ಕ್ ಮಾಡಿ, ಅಂದರೆ ನಕಲು ತಗೊಂಡು, ತಮ್ಮ ಹೆಸರಿನಲ್ಲಿ ನಡೆಸಬಹುದು, ಯಾರ ಅಪ್ಪಣೆಯೂ ಬೇಡ. ಅವರು ಕೇಳುತ್ತಿರುವುದು ಹೆಸರು ಮತ್ತು ಪೈಪಿಐ ಹಕ್ಕು, ಅಂದರೆ ಜನ ನಿಮ್ಮ ಮೇಲೆ ಇಟ್ಟ ನಂಬಿಕೆ. ಮೊದಲು ಎರಡು ಇಷ್ಯೂ ಸರಿಮಾಡಿ ಕಳಿಸಿ ಅನ್ನಿ. ಅದಕ್ಕೆ ಏನು ಉತ್ತರ ಬರುತ್ತದೆ ನೋಡಿ.

ದಾವಣಗೆರೆ_ಡಿಟಿಪಿ:

ಸರ್, ನಾನು ಪ್ರೋಗ್ರಾಂ ಬರೆಯುವವನಲ್ಲ. ಡಿಟಿಪಿ ಕೆಲಸ, 22 ವರ್ಷ ಆಯ್ತು. ನಿಮ್ಮ ತಂತ್ರಾಂಶ ದಿನಾ ಬಳಸುತ್ತೇನೆ. ಇದುವರೆಗೆ ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ, ಕ್ಷಮಿಸಿ.

ನಮ್ಮಲ್ಲಿ ಪುಟ ಜೋಡಿಸುವುದಕ್ಕೆ ಈಗಲೂ ಪೇಜ್‌ಮೇಕರ್ ಸಾಫ್ಟ್‌ವೇರೇ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಆಮೇಲೆ ಹೊಸದು ಬರಲೇ ಇಲ್ಲ. ಅದರಲ್ಲಿ ಯೂನಿಕೋಡ್ ಕನ್ನಡ ಕೂರುವುದಿಲ್ಲ. ಇನ್‌ಡಿಸೈನ್‌ಗೆ ಹೋಗಿ ಅನ್ನುತ್ತಾರೆ, ತಿಂಗಳ ಬಾಡಿಗೆ ಕೊಟ್ಟು ಆ ಸಾಫ್ಟ್‌ವೇರ್ ಇಡುವಷ್ಟು ಮದುವೆ ಪತ್ರಿಕೆ, ಕರಪತ್ರದ ಕೆಲಸದಲ್ಲಿ ಉಳಿಯುವುದಿಲ್ಲ. ಹಾಗಾಗಿ ಟೈಪ್ ಮಾಡುವುದು ಹಳೇ ನುಡಿಯಲ್ಲಿ. ಆದರೆ ಪುಸ್ತಕ ಮಾಡಿಸಿದ ಲೇಖಕರು ಆಮೇಲೆ ವಾಟ್ಸಾಪಿಗೆ ಹಾಕಬೇಕು, ಯೂನಿಕೋಡ್ ಮಾಡಿಕೊಡಿ ಅನ್ನುತ್ತಾರೆ. ಆಗ ನಿಮ್ಮದೇ ಗತಿ. ಹೋದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ಫ್ಲಾಪಿಯಲ್ಲಿದ್ದ ಜಾನಪದ ಪದಗಳನ್ನು ತಂದಿದ್ದರು. ಹಾಡಿದ ಅಜ್ಜಿಯರು ಯಾರೂ ಈಗ ಇಲ್ಲ. ಎಲ್ಲ ಹಳೇ ಫಾಂಟ್. ಎರಡು ದಿನ ಕೂತು ಪೂರ್ತಿ ಬದಲಾಯಿಸಿ ಕೊಟ್ಟೆ.

ಒಂದು ಮಾತು ಹೇಳಲಾ ಸರ್? ನನಗೆ ಹೊಸ ಕಿಟಕಿ, ಹೊಸ ಬಣ್ಣ ಯಾವುದೂ ಬೇಡ. ನನ್ನ ಕಂಪ್ಯೂಟರಿನಲ್ಲಿ ಇರುವುದು ನಿಮ್ಮ ಐದು ವರ್ಷದ ಹಿಂದಿನ ಆವೃತ್ತಿ. ಅಕ್ಷರ ಸರಿಯಾಗಿ ಬಂದರೆ ಸಾಕು. ಆ ಫಾಂಟುಗಳು ಇನ್ನು ಬದಲಾಗುವುದಿಲ್ಲವಲ್ಲ, ಹಾಗಾದರೆ ನಿಮ್ಮದು ಯಾಕೆ ಬದಲಾಗುತ್ತಲೇ ಇರಬೇಕು?

ಮಲೆನಾಡ_ಕೋಡು:

ಮೇಲಿನವರ ಕೊನೇ ಸಾಲು ಇನ್ನೊಮ್ಮೆ ಓದಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನಾನೂ ಒಂದು ಲೈಬ್ರರಿ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಕೋಡ್) ನಿಲ್ಲಿಸಿದವನು, ಅದನ್ನು ಕೆಟ್ಟದಾಗಿ ನಿಲ್ಲಿಸಿದೆ. ಏನೂ ಹೇಳದೆ ಸುಮ್ನೆ ಬಿಟ್ಟುಬಿಟ್ಟೆ. ಒಂದೂವರೆ ವರ್ಷ ಜನ ಪ್ಯಾಚ್ ಕಳಿಸಿದರು, ಕಾದರು, ಕೇಳಿದರು. ಒಬ್ಬ ಹುಡುಗ ಕಾಲೇಜು ಪ್ರಾಜೆಕ್ಟಿಗೆ ಅದನ್ನೇ ನಂಬಿಕೊಂಡಿದ್ದನಂತೆ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ನಿಲ್ಲಿಸಿದ್ದಕ್ಕೆ ಬೇಜಾರಿಲ್ಲ, ಹೇಳದೆ ಹೋಗಿದ್ದಕ್ಕೆ ಇದೆ.

ಹೇಗೆ ನಿಲ್ಲಿಸಬೇಕು ಅನ್ನೋದಕ್ಕೆ ದಿನಾಂಕ, ಸಮಯ ನಿಭಾಯಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಮೊಮೆಂಟ್ ಡಾಟ್ ಜೆಎಸ್ ನೋಡಿ. 2020ರ ಸೆಪ್ಟೆಂಬರಿನಲ್ಲಿ, ಜನ ಇನ್ನೂ ಜೋರಾಗಿ ಬಳಸುತ್ತಿರುವಾಗಲೇ, ಇದು ಮುಗಿದ ಕೆಲಸ, ಹೊಸ ಸೌಲಭ್ಯ ಸೇರಿಸುವುದಿಲ್ಲ, ಹೊಸ ಪ್ರಾಜೆಕ್ಟಿಗೆ ಲಕ್ಸಾನ್ ಅಥವಾ ಡೇ ಡಾಟ್ ಜೆಎಸ್ ಥರದ್ದು ಬಳಸಿ ಅಂತ ನೇರವಾಗಿ ಬರೆದರು. ಡೆಬಿಯನ್ ಅನ್ನುವ ಲಿನಕ್ಸ್ ಯೋಜನೆಯಲ್ಲಿ ಇದಕ್ಕೆ ಪದ್ಧತಿಯೇ ಇದೆ: ನೋಡಿಕೊಳ್ಳುವವರು ಮೊದಲು 'ಸಹಾಯ ಬೇಕು' ಅಂತ ಹಾಕಬಹುದು, ಆಮೇಲೆ 'ದತ್ತು ತಗೊಳ್ಳಿ', ಅದೂ ಆಗದಿದ್ದರೆ 'ಅನಾಥ' ಅಂತ. ಮೂರೂ ಬೇರೆ ಬೇರೆ ಸ್ಥಿತಿ. ಅದನ್ನು ಹೇಳಿಕೊಳ್ಳುವುದರಲ್ಲಿ ಯಾರಿಗೂ ಅವಮಾನವಿಲ್ಲ.

ನಿಮ್ಮ ತಂತ್ರಾಂಶದಲ್ಲಿ ಎರಡು ಬೇರೆ ವಸ್ತುಗಳಿವೆ. ಒಂದು, ತುಂಡುಗಳಿಂದ ಅಕ್ಷರ ಕಟ್ಟುವ ಪಟ್ಟಿ ಮತ್ತು ನಿಯಮಗಳು. ಇನ್ನೊಂದು, ಅದರ ಮೇಲೆ ಹೊದಿಸಿದ ವಿಂಡೋಸ್ ಕಿಟಕಿ. ನಿಮ್ಮನ್ನು ಸುಸ್ತು ಮಾಡುತ್ತಿರುವುದು ಎರಡನೆಯದು, ಬೆಲೆ ಇರುವುದು ಮೊದಲನೆಯದಕ್ಕೆ. ಪಟ್ಟಿಯನ್ನು ಸಾದಾ ಡೇಟಾ ಕಡತವಾಗಿ ಬೇರೆ ಮಾಡಿ, ಪರೀಕ್ಷೆಗೆ ನಾಲ್ಕೈದು ನೂರು ಪದ ಜೊತೆಗಿಡಿ. ಮುಂದೆ ಯಾವ ಭಾಷೆಯಲ್ಲಿ ಬರೆಯುವವರೂ ಅದನ್ನೇ ಎತ್ತಿಕೊಳ್ಳಬಹುದು. ಕಿಟಕಿಯ ರೆಪೊ ಆರ್ಕೈವ್ ಮಾಡಿ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಆರ್ಕೈವ್ ಮಾಡಿದ್ದನ್ನು ಜನ ಓದಬಹುದು, ಫೋರ್ಕ್ ಮಾಡಬಹುದು, ಹೊಸ ಇಷ್ಯೂ ಮಾತ್ರ ಬರುವುದಿಲ್ಲ. ಮನಸ್ಸು ಬದಲಾದರೆ ಮತ್ತೆ ತೆರೆಯಬಹುದು.

ಚಿಲ್ಲರೆ_ಕಾಸು:

ಹಣದ ಸಹಾಯದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆದೆ. 2024ರಲ್ಲಿ ಷೇರು ವಹಿವಾಟಿನ ಕಂಪನಿ ಜೆರೋಧಾದವರು ಮುಕ್ತ ತಂತ್ರಾಂಶಗಳಿಗಾಗಿ ಫ್ಲಾಸ್ ಫಂಡ್ ಅಂತ ಶುರುಮಾಡಿದ್ದಾರೆ, ವರ್ಷಕ್ಕೆ 10 ಲಕ್ಷ ಡಾಲರ್. ಆದರೆ ಒಂದು ಯೋಜನೆಗೆ ಕನಿಷ್ಠ 10 ಸಾವಿರ ಡಾಲರ್ ಲೆಕ್ಕದಲ್ಲಿ ಕೊಡುವುದು, ಜಗತ್ತಿನಲ್ಲೆಲ್ಲ ಬಳಸುವ ದೊಡ್ಡ ಪ್ರಾಜೆಕ್ಟುಗಳಿಗೆ ಹೊಂದುವಂಥದ್ದು. ನಿಮಗೆ ಹೊಂದುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಅದೂ ಅಲ್ಲದೆ ನಿಮಗೆ ಕಡಿಮೆ ಇರುವುದು ಸಂಜೆ ಹೊತ್ತು, ದುಡ್ಡಲ್ಲ. ಮಗಳ ಜೊತೆ ಇರಬೇಕಾದ ಹೊತ್ತನ್ನು ಯಾವ ಅನುದಾನವೂ ತುಂಬಿಕೊಡುವುದಿಲ್ಲ.

ಕೊಂಬು_ದೀರ್ಘ:

ಎಲ್ಲರಿಗೂ ಉತ್ತರಿಸಲು ನಾಲ್ಕು ದಿನ ಹಿಡಿಯಿತು. ದಾವಣಗೆರೆಯವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಇಷ್ಟು ವರ್ಷ ನನಗೆ ಕಂಡಿದ್ದು ದೂರುಗಳು ಮಾತ್ರ. ಕೆಲಸ ಆದವರು ಇಷ್ಯೂ ಹಾಕುವುದಿಲ್ಲ ಅನ್ನೋದು ಹೊಳೆದೇ ಇರಲಿಲ್ಲ.

ಮೇಲ್ ಹಾಕಿದವರಿಗೆ ಬೀಗದಕೈ ಹೇಳಿದ ಹಾಗೇ ಬರೆದೆ, ಎರಡು ಇಷ್ಯೂ ಆರಿಸಿ ಕೊಟ್ಟೆ. ಇನ್ನೂ ಉತ್ತರ ಬಂದಿಲ್ಲ, ಕಾಯುತ್ತೇನೆ. ಪೈಪಿಐ ಹಕ್ಕು ನನ್ನ ಹತ್ತಿರವೇ ಇರುತ್ತದೆ.

ಪಟ್ಟಿ ಬೇರೆ ಮಾಡುವ ಕೆಲಸ ಶುರುವಾಗಿದೆ, ಯುಗಾದಿಯೊಳಗೆ ಮುಗಿಸುತ್ತೇನೆ. ಅದಾದ ಮೇಲೆ ಕಿಟಕಿಯ ರೆಪೊ ಆರ್ಕೈವ್. ಪಟ್ಟಿಯ ಜೊತೆಗಿಡುವ ಪರಿಚಯದ ಕಡತ ರೀಡ್‌ಮಿಯಲ್ಲಿ ಮೊದಲ ಸಾಲಿನಲ್ಲೇ ಬರೆಯುತ್ತೇನೆ: ಅಕ್ಷರ ತಪ್ಪಾಗಿ ಬಂದರೆ ಮಾತ್ರ ತಿಳಿಸಿ, ಬೇರೆ ಯಾವುದನ್ನೂ ನಾನು ನೋಡುವುದಿಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಧೈರ್ಯ ಇರಲಿಲ್ಲ.

ದಾವಣಗೆರೆ ಸರ್, ನಿಮ್ಮ ಹತ್ತಿರ ಹಳೇ ಕಡತಗಳಿದ್ದರೆ ಒಂದಷ್ಟು ಸಾಲು ಕಳಿಸುತ್ತೀರಾ, ಪರೀಕ್ಷೆಯ ಪದಗಳಿಗೆ? ಲೇಖಕರನ್ನು ಕೇಳಿ ಕಳಿಸಿ.

ದಾವಣಗೆರೆ_ಡಿಟಿಪಿ:

ಮೇಷ್ಟ್ರನ್ನು ಕೇಳಿದೆ ಸರ್, ಖುಷಿಯಿಂದ ಒಪ್ಪಿದರು. 40 ಸಾಲು ಕಳಿಸಿದ್ದೇನೆ. ಜೊತೆಗೆ ನನ್ನದೇ ಒಂದು ಕರಪತ್ರವೂ ಇದೆ.

ಕೊಂಬು_ದೀರ್ಘ:

ಸಿಕ್ಕಿತು. ಮೇಷ್ಟ್ರ ಜಾನಪದ ಹಾಡಿನ 40 ಸಾಲೂ ಸರಿ ಬಂದವು. ಕರಪತ್ರದಲ್ಲಿ 'ಕಾರ್ಯಾಗಾರ' ತಪ್ಪಾಗಿದೆ, ಅರ್ಕಾವತ್ತು ದೀರ್ಘವನ್ನು ದಾಟಿ ಹಿಂದಕ್ಕೆ ಹೋಗುತ್ತಿಲ್ಲ. ಮಗಳು ಮಲಗಿದ ಮೇಲೆ ನೋಡುತ್ತೇನೆ.