ತಾಂಜಾನಿಯಾದ ಸೇವೆಗೆ ಸ್ವಾಹಿಲಿ ಅಗತ್ಯವೇ?

ಪ್ರಶ್ನೆ (ವಿಜಯಪುರ): ನಾನು ನರ್ಸ್; ತಾಂಜಾನಿಯಾದ ಹಳ್ಳಿಯೊಂದರ ಆರೋಗ್ಯ ಕೇಂದ್ರಕ್ಕೆ ಸ್ವಯಂಸೇವಕಿಯಾಗಿ ಹೋಗಲಿದ್ದೇನೆ. ಇಂಗ್ಲಿಷ್ ಸಾಕಾಗುವುದೇ, ಅಥವಾ ಈಗಿನಿಂದಲೇ ಸ್ವಾಹಿಲಿ ಕಲಿಯಬೇಕೇ?

ಉತ್ತರ (ಬಾಗಲಕೋಟೆ): ಖಂಡಿತ ಕಲಿಯಿರಿ, ಸಹೋದರಿ. ಅಲ್ಲಿನ ಸರಕಾರಿ ಪ್ರಾಥಮಿಕ ಶಾಲೆಗಳ ಮಾಧ್ಯಮವೇ ಸ್ವಾಹಿಲಿಯಾದ್ದರಿಂದ ಹಳ್ಳಿಯ ಅನೇಕ ರೋಗಿಗಳಿಗೆ ಇಂಗ್ಲಿಷಿನಲ್ಲಿ ನೋವು ಹೇಳಿಕೊಳ್ಳುವುದು ಕಷ್ಟ. ರೋಮನ್ ಲಿಪಿಯಲ್ಲಿ ಬರೆದಂತೆಯೇ ಓದುವ ಭಾಷೆಯದು. ನಾಮಪದಗಳ ವರ್ಗಗಳಿಗೆ ಮಾತ್ರ ಹೆಚ್ಚು ಸಮಯ ಕೊಡಿ, ಏಕೆಂದರೆ ವರ್ಗ ಬದಲಾದಂತೆ ವಿಶೇಷಣ, ಕ್ರಿಯಾಪದಗಳ ಆರಂಭವೂ ಬದಲಾಗುತ್ತದೆ.

ಉತ್ತರ (ಬೆಳಗಾವಿ): ಗಂಟೆಯ ಲೆಕ್ಕವನ್ನು ಮೊದಲು ಕಲಿಯಿರಿ. ಸ್ವಾಹಿಲಿಯಲ್ಲಿ ಹಗಲಿನ ಎಣಿಕೆ ಬೆಳಗಿನ 6ರಿಂದ ಆರಂಭವಾಗುವುದರಿಂದ ನಮ್ಮ 7 ಗಂಟೆ ಅವರಿಗೆ 1 ಗಂಟೆ. ಔಷಧಿಯ ಹೊತ್ತು ತಿಳಿಸುವಾಗ ಇದು ರೋಗಿಯ ಪ್ರಾಣಕ್ಕೇ ಸಂಬಂಧಿಸಿದ ವಿಷಯ. ನಮ್ಮಲ್ಲಿಯೂ ಮರಾಠಿ ಮಾತನಾಡುವ ರೋಗಿಗಳು ತಮ್ಮ ಭಾಷೆಯಲ್ಲಿ ಕೇಳಿದಾಗಲೇ ಮನಬಿಚ್ಚಿ ಮಾತನಾಡುತ್ತಾರೆ.

ಉತ್ತರ (ಜಮಖಂಡಿ): ಬಿಬಿಸಿಯ ಸ್ವಾಹಿಲಿ ಸುದ್ದಿಯನ್ನು ದಿನವೂ ಕೇಳಿ, ಕಿವಿ ಪಳಗುತ್ತದೆ.